ಖಂಡೆಪೂಜೆಗೆ ಕೂತ ಕಂಪ್ಯೂಟರುಗಳು

ಹೋದ ತಿಂಗಳು ಗಂಗಾವತಿಯಲ್ಲಿ ಒಂದು ಮದುವೆಯಿತ್ತು. ಊಟ ಮುಗಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆಯುವಾಗ ಯಾವುದೋ ಮಿಲ್ಲಿನಿಂದ ಭತ್ತ ಕುದಿಸುವ ವಾಸನೆ ಬಂತು. ಒದ್ದೆ ಗೋಣಿಚೀಲ, ತೌಡು, ಹಬೆ ಮೂರೂ ಕೂಡಿದ ವಾಸನೆ ಅದು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ನಡುರಸ್ತೆಯಲ್ಲೇ ನಿಂತುಬಿಟ್ಟೆ. ನನ್ನ ಗಂಡ ತಿರುಗಿ ನೋಡಿ, "ಏನಾತು, ಚಪ್ಪಲಿ ಹರೀತೇನು?" ಎಂದರು. ಚಪ್ಪಲಿ ನೆಟ್ಟಗೇ ಇತ್ತು. ನನಗೆ ರೇಣುಕಾ ನೆನಪಾಗಿದ್ದಳು, ಅವಳ ಜೊತೆ ಆ ಊರಲ್ಲಿ ಕಳೆದ ಒಂದು ಮಳೆಗಾಲ ನೆನಪಾಗಿತ್ತು.

ಆಗ ನಾನು ರೈತರ ಸಹಕಾರ ಸಂಘವೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸಕ್ಕಿದ್ದೆ. ಮುಖ್ಯ ಕಚೇರಿ ಕೊಪ್ಪಳದಲ್ಲಿ, ಶಾಖೆಗಳು ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ. ವಾರವೆಲ್ಲ ಬಸ್ಸಿನಲ್ಲೇ ನನ್ನ ಸಂಸಾರ. ಕುಷ್ಟಗಿ ಕಡೆ ಹೋದರೆ ಜನ ಮೋಡ ನೋಡಿ ಮಾತಾಡುತ್ತಿದ್ದರು, ಗಂಗಾವತಿ ಕಡೆ ಬಂದರೆ ಕಾಲುವೆ ನೋಡಿ ಮಾತಾಡುತ್ತಿದ್ದರು. ಎಲ್ಲಿಗೆ ಹೋದರೂ ಪ್ರಿಂಟರ್ ಮಾತ್ರ ಕೆಟ್ಟೇ ಇರುತ್ತಿತ್ತು. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. "ಶಾರದಮ್ಮಾರು ಬಂದ್ರು, ಬೈಸ್ಕೊಳ್ಳಾಕ ತಯಾರಾಗ್ರಿ" ಎಂದು ಗಂಗಾವತಿ ಶಾಖೆಯವರು ನಗುತ್ತಿದ್ದರಂತೆ. ನಗಲಿ ಬಿಡಿ. ಬೈದರೂ ಕೆಲಸ ಮುಗಿಸಿಕೊಟ್ಟೇ ನಾನು ಏಳುತ್ತಿದ್ದದ್ದು.

ಆ ವರ್ಷದ ಮಳೆಗಾಲವಿಡೀ ನನ್ನನ್ನು ಗಂಗಾವತಿ ಶಾಖೆಗೇ ಹಾಕಿದರು. ಕಾರಣ ರೇಣುಕಾ ಮಾಡಿದ್ದ ಒಂದು ಒಳ್ಳೆಯ ಕೆಲಸ.

ರೇಣುಕಾ ನವಲಿಯವಳು, ಆ ಶಾಖೆಯ ಕಂಪ್ಯೂಟರ್ ಆಪರೇಟರು. ಕಾಯಂ ನೌಕರಿಯಲ್ಲ, ವರ್ಷ ವರ್ಷ ಮುಂದುವರಿಸುವ ಗುತ್ತಿಗೆ. ಅವಳ ಅಪ್ಪ ಹನುಮಂತಪ್ಪ ಊರವರ ಗದ್ದೆಗಳಲ್ಲಿ ನಾಟಿ, ಕಳೆ, ಕೊಯ್ಲು ಎಂದು ದುಡಿಯುವವರು. ಆ ಮನೆತನದಲ್ಲಿ ಆಫೀಸಿನ ಕುರ್ಚಿಯಲ್ಲಿ ಕೂತವಳು ಇವಳೇ ಮೊದಲು. ಗಟ್ಟಿ ಹುಡುಗಿ, ಮಾತಿಗೆ ಮಾತು ಕೊಡುವವಳು. ತಾನೇ ನೋಡಿ ನೋಡಿ ಕಲಿತು ಸಂಘಕ್ಕೊಂದು ವೆಬ್ ಪುಟ ಮಾಡಿದ್ದಳು. ಯಾವ ಕಾಲುವೆಗೆ ಯಾವಾಗ ನೀರಿನ ಪಾಳಿ, ಇವತ್ತು ಭತ್ತದ ದರ ಏನು, ಎಲ್ಲ ಅದರಲ್ಲಿ ಕಾಣುತ್ತಿತ್ತು. ಕಾಲುವೆಯ ಕೊನೆಯಂಚಿನ ರೈತರು ಮೊದಲೆಲ್ಲ ನೀರು ಬಂತೋ ಇಲ್ಲವೋ ಎಂದು ಸೈಕಲ್ ತುಳಿದು ಹೋಗಿ ನೋಡಿ ಬರುತ್ತಿದ್ದರು. ಈಗ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ನೋಡುತ್ತಿದ್ದರು. ಒಬ್ಬ ಮುದುಕ ಆಫೀಸಿಗೇ ಬಂದು ಅವಳ ತಲೆ ಮುಟ್ಟಿ, "ಭಾಳ ಪುಣ್ಯೇದ ಕೆಲಸ ಮಾಡೀ ಯವ್ವಾ" ಎಂದು ಹೋಗಿದ್ದನ್ನು ನಾನೇ ಕಂಡಿದ್ದೇನೆ.

ಆ ಪುಟ ಇದ್ದದ್ದು ಅವಳ ಮೇಜಿನ ಕಂಪ್ಯೂಟರಿನಲ್ಲೇ. ಅದನ್ನೇ ವೆಬ್ ಸರ್ವರ್ ಮಾಡಿದ್ದೆವು. ವೆಬ್ ಸರ್ವರ್ ಅಂದರೆ ಗಾಬರಿಯಾಗುವಂಥದ್ದೇನಲ್ಲ. ಕಿರಾಣಿ ಅಂಗಡಿಯವನು ಹೇಗೆ ಗಿರಾಕಿ ಕೇಳಿದ್ದನ್ನು ತೆಗೆದು ಕೊಡುತ್ತಾನೋ ಹಾಗೆ ಅದು ಹೊರಗಿನವರು ಕೇಳಿದ ಪುಟವನ್ನು ತೆಗೆದು ಕೊಡುತ್ತದೆ. ಕೇಳಿದರೆ ಕೊಡಬೇಕು, ಕೇಳದಿದ್ದರೆ ಸುಮ್ಮನೆ ಕೂತಿರಬೇಕು. ತಾನೇ ಅಂಗಡಿ ಬಿಟ್ಟು ಎದ್ದು ಯಾರ ಮನೆಗೋ ಹೋಗತೊಡಗಿದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ನಾಲ್ಕೂ ಊರಿನ ಸದಸ್ಯರು ಆ ಪುಟ ನೋಡತೊಡಗಿದ್ದರಿಂದ ಅದು ಕೆಡದಂತೆ ಕಾಯಲು ನನ್ನನ್ನು ಅಲ್ಲಿ ಕೂಡಿಸಿದರು.

ಶ್ರಾವಣ ಕಳೆದು ಗದ್ದೆಗಳಲ್ಲಿ ಭತ್ತ ತೆಂಡೆ ಒಡೆದು ಪೊದೆಯಾಗುವ ಹೊತ್ತಿಗೆ ಇಂಟರ್‌ನೆಟ್ ಲೈನಿನ ಕಂಪನಿಯಿಂದ ಫೋನು ಬಂತು. ನಮ್ಮ ಲೈನಿನಿಂದ ದೂರದ ಯಾವುದೋ ಬ್ಯಾಂಕಿನ ಹೆಸರಲ್ಲಿ ಖೊಟ್ಟಿ ಪುಟವೊಂದು ಹೊರಗೆ ಹೋಗುತ್ತಿದೆ, ಜನ ಅದನ್ನು ನಂಬಿ ಗುಟ್ಟಿನ ನಂಬರು ಕೊಟ್ಟು ಮೋಸ ಹೋಗುತ್ತಿದ್ದಾರೆ ಎಂದರು. ಹುಡುಕಿದರೆ ನಿಜ. ರೇಣುಕಾಳ ಕಂಪ್ಯೂಟರಿನ ಮೂಲೆಯಲ್ಲಿ, ನೀರಿನ ಪಾಳಿಯ ಪುಟದ ಹಿಂದೆ, ಅದು ಅಡಗಿ ಕೂತಿತ್ತು. ಅಳಿಸಿಹಾಕಿದೆ. ವಾರ ಕಳೆಯುವುದರೊಳಗೆ ಮತ್ತೆ ಬಂತು. ಇಡೀ ಕಂಪ್ಯೂಟರನ್ನು ಒರೆಸಿ, ಎಲ್ಲವನ್ನೂ ಹೊಸದಾಗಿ ಹಾಕಿದೆ. ಮತ್ತೂ ಬಂತು. ನನಗೆ ತಲೆ ಕೆಟ್ಟುಹೋಯಿತು.

ನಮ್ಮ ಮ್ಯಾನೇಜರು ವಿರುಪಾಕ್ಷಪ್ಪನವರು ಕೆಟ್ಟವರಲ್ಲ. ನಿವೃತ್ತಿಗೆ ಹತ್ತಿರವಿದ್ದರು, ವಿಭೂತಿ ಇಲ್ಲದೆ ಹೊರಗೆ ಕಾಲಿಡದವರು, ಯಾರಿಗೂ ದನಿ ಏರಿಸಿ ಮಾತಾಡಿದವರಲ್ಲ. ಆದರೆ ಮೆತ್ತಗೆ ಆಡಿದ ಮಾತು ಬೇಗ ಹರಡುತ್ತದೆ. ಸಂಘದ ನಿರ್ದೇಶಕರೆಲ್ಲ ಕೂತ ಸಭೆಯಲ್ಲಿ ಅವರು ಮೆತ್ತಗೇ ಹೇಳಿದರು.

"ನಮ್ಮ ಆಫೀಸಿನ್ಯಾಗ ಇಂಥಾ ಪುಟ ಮಾಡಾಕ ಬರೂದು ಒಬ್ಬಾಕಿಗೆ. ಅದು ಸಿಕ್ಕಿದ್ದೂ ಆಕಿ ಕಂಪ್ಯೂಟರಿನ್ಯಾಗ. ಯಾರ ಕಂಪ್ಯೂಟರಿನ್ಯಾಗ ಸಿಗತೈತಿ, ಅವರದ ಕೆಲಸ. ಇದರಾಗ ಮತ್ತೇನು ಹುಡುಕೂದೈತ್ರಿ?"

ನಾನು ಸುಮ್ಮನಿರಲಿಲ್ಲ. "ಹೊರಗಿನವ್ರು ಯಾರೋ ಒಳಗ ಹೊಕ್ಕಾರ್ರಿ ಸರ. ನಾ ಪೂರ್ತಿ ಒರೆಸಿ ಹೊಸದು ಹಾಕಿದ್ರೂ ಬರಾಕತ್ತೈತಿ ಅಂದ್ರ ಎಲ್ಲೋ ಬಾಗಿಲು ತೆರೆದೈತಿ" ಎಂದೆ.

"ಕಂಪ್ಯೂಟರು ಹೊಸದಾತು ಶಾರದಮ್ಮ. ಹುಡುಗಿ ಹಳೇದ ಐತಲ್ಲ" ಎಂದರು. ಎರಡು ಮೂರು ಜನ ನಕ್ಕರು. ಬಾಗಿಲ ಬಳಿ ಚಹದ ತಟ್ಟೆ ಹಿಡಿದು ನಿಂತಿದ್ದ ಪ್ಯೂನ್ ಹುಸೇನಪ್ಪ ನಗಲಿಲ್ಲ. ರೇಣುಕಾ ಅಲ್ಲೇ ಗೋಡೆಗೆ ಆತು ನಿಂತಿದ್ದಳು.

ದಸರೆ ಮುಗಿದ ಮೇಲೆ ಅವಳ ಹೆಸರು ಬರೆದು ಠಾಣೆಗೆ ಕೊಡುವುದೆಂದು ಆ ಸಭೆಯಲ್ಲಿ ತೀರ್ಮಾನವಾಯಿತು. ಅವಳನ್ನು ಅಷ್ಟರವರೆಗೆ ಕೆಲಸದಲ್ಲಿ ಇಟ್ಟುಕೊಂಡದ್ದು ನೀರಿನ ಪಾಳಿಯ ಪುಟ ನಿಲ್ಲಬಾರದೆಂಬ ಒಂದೇ ಕಾರಣಕ್ಕೆ. ಕಳ್ಳಿ ಎಂದೂ ಅನ್ನಬೇಕು, ಅವಳಿಂದ ಕೆಲಸವನ್ನೂ ಮಾಡಿಸಿಕೊಳ್ಳಬೇಕು. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಅವಳಿಂದ ದೂರ ಕೂರತೊಡಗಿದರು. ನಾನು ನನ್ನ ಬುತ್ತಿ ತೆಗೆದುಕೊಂಡು ಅವಳ ಹತ್ತಿರ ಹೋಗಿ ಕೂತೆ. ಆಫೀಸಿನ ಹಿಂದೆ ಬೇವಿನ ಮರದ ಕೆಳಗೆ ಒಂದು ಕಲ್ಲು ಇತ್ತು. ಮಳೆ ಬರುವ ಹಾಗೆ ಕವಿದು, ಬಾರದೆ, ಸುಮ್ಮನೆ ಬೆವರಿಳಿಸುವ ದಿನಗಳು ಅವು. ನಾನು ಜೋಳದ ರೊಟ್ಟಿ ಬಿಚ್ಚಿದರೆ, "ಗಂಗಾವತಿಗೆ ಬಂದ್ರೂ ಯಲಬುರ್ಗಾದವ್ರು ಅನ್ನಕ್ಕ ಒಗ್ಗೂದಿಲ್ಲ ನೋಡ್ರಿ" ಎಂದು ಛೇಡಿಸುತ್ತಿದ್ದವಳು ಈಗ ಸುಮ್ಮನೆ ಕೂತಿರುತ್ತಿದ್ದಳು. ಅರ್ಧ ರೊಟ್ಟಿ ಮುರಿದು, ಶೇಂಗಾ ಚಟ್ನಿಪುಡಿ ಇಟ್ಟು ಅವಳ ಡಬ್ಬಿಗೆ ನಾನೇ ಹಾಕುತ್ತಿದ್ದೆ.

ಒಂದು ದಿನ ಅವಳಾಗಿಯೇ ಬಾಯಿ ಬಿಟ್ಟಳು. "ಸರು ಅಂದ್ರು, ಅದು ಹಾಳಾಗಿ ಹೋಗ್ಲಿ ಅಕ್ಕಾರ. ಅವರೇನು ನನ್ನ ಹಡದಾರೇನು? ಊರಾಗ ಸುದ್ದಿ ಮುಟ್ಟೈತಿ. ನಿನ್ನೆ ನಮ್ಮಪ್ಪ ಕೈ ತೊಳಕೊಂಡು ಉಣ್ಣಾಕ ಕುಂತಾಂವ ತಾಟು ಸರಿಸಿ, 'ಖರೇ ಏನವ್ವಾ?' ಅಂದ. ಅಷ್ಟ ಅಂದ. ನನಗ ಜೀವಾನ ಹೋದಂಗಾತು."

"ನೀ ಏನಂದಿ?"

"ಏನೂ ಅನ್ನಲಿಲ್ರಿ. ಅಪ್ಪ ಕೇಳಿದ ಮ್ಯಾಲ ಇಲ್ಲ ಅಂತ ಹೆಂಗ ಹೇಳೂದು? ಕೇಳಲಾರದ ಇರಬೇಕಾಗಿತ್ತು ಅಂವ."

ನಾನು ಅವಳನ್ನು ಪೂರ್ತಿ ನಂಬಿದ್ದೆ. ಆದರೆ ನನ್ನ ನಂಬಿಕೆ ಠಾಣೆಯಲ್ಲಿ ನಡೆಯುವುದಿಲ್ಲ. ಕಚೇರಿಯ ಕಂಪ್ಯೂಟರುಗಳ ವೈರುಗಳೆಲ್ಲ ಬಂದು ಕೂಡುವ ಪೆಟ್ಟಿಗೆಗೆ ಇನ್ನೊಂದು ವೈರು ಜೋಡಿಸಿ, ಅದನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಯಾವ ಕಂಪ್ಯೂಟರು ಯಾರ ಜೊತೆ ಮಾತಾಡುತ್ತಿದೆ ಎಂದು ದಿನವೂ ನೋಡುತ್ತಿದ್ದೆ. ಆದರೆ ಕೆಲಸದ ದಿನ ನೋಡಿ ಏನು ಪ್ರಯೋಜನ? ಒಬ್ಬರು ದರ ಕಳಿಸುತ್ತಾರೆ, ಒಬ್ಬರು ಪಾಳಿ ತಿದ್ದುತ್ತಾರೆ, ಇನ್ನೊಬ್ಬರು ಮೇಜಿನ ಮರೆಯಲ್ಲಿ ವಿಡಿಯೊ ನೋಡುತ್ತಾರೆ. ಸಂತೆಯಲ್ಲಿ ನಿಂತು ಒಬ್ಬನ ಪಿಸುಮಾತು ಕೇಳುವ ಕೆಲಸ ಅದು. ಹೀಗೇ ಮಹಾನವಮಿ ಬಂದೇಬಿಟ್ಟಿತು.

ನಮ್ಮ ಕಡೆ ಖಂಡೆಪೂಜೆ, ಅಂದರೆ ಆಯುಧಪೂಜೆ, ಹುಡುಗಾಟವಲ್ಲ. ಕುಡುಗೋಲಿನಿಂದ ಹಿಡಿದು ಟ್ರ್ಯಾಕ್ಟರಿನ ತನಕ ಎಲ್ಲವನ್ನೂ ತೊಳೆದು ಪೂಜಿಸುತ್ತಾರೆ. ಪೂಜೆಗೆ ಕೂತ ಸಾಮಾನನ್ನು ಮರುದಿನದವರೆಗೆ ಯಾರೂ ಮುಟ್ಟುವ ಹಾಗಿಲ್ಲ, ಅದಕ್ಕೆ ಅವತ್ತು ವಿಶ್ರಾಂತಿ. ವಿರುಪಾಕ್ಷಪ್ಪನವರು ಈ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ತೂಕದ ಕಾಟಾ, ಬೀಗದ ಕೈ, ಪೆನ್ನು ಸಹ ಪೂಜೆಗೆ ಕೂರಬೇಕು. ಕಂಪ್ಯೂಟರುಗಳು ಕಳೆಯಾಗಿ ಕಾಣಲೆಂದು ಅವನ್ನೆಲ್ಲ ಚಾಲೂ ಮಾಡಿ, ಪರದೆಯ ಮೇಲೆ ದೇವರ ಚಿತ್ರ ಬರುವಂತೆ ಇಡಿಸುತ್ತಿದ್ದರು.

ನಾನು ಹಿಂದಿನ ದಿನ ತವರಿಗೆ ಯಲಬುರ್ಗಾಕ್ಕೆ ಹೋಗಿದ್ದೆ. ಬೆಳಿಗ್ಗೆ ಹೊರಡೋಣವೆಂದರೆ ಬಸ್ಸಿಗೇ ಪೂಜೆ ನಡೆದಿತ್ತು. ಬಾಳೆಕಂಬ ಕಟ್ಟಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಕಂಡಕ್ಟರು ಎಲ್ಲರಿಗೂ ಚುರುಮುರಿ ಹಂಚಿ ಮುಗಿಸುವ ತನಕ ಬಸ್ಸು ಕದಲಲಿಲ್ಲ. ಗಂಗಾವತಿ ಮುಟ್ಟಿದಾಗ ಆಫೀಸಿನ ಪೂಜೆ ಮುಗಿದು ಫಳಾರ ಹಂಚುತ್ತಿದ್ದರು. ಒಳಗೆಲ್ಲ ಲೋಬಾನದ ಹೊಗೆ. ಪ್ರತಿ ಪರದೆಗೂ ಮೂರು ಎಳೆ ವಿಭೂತಿ, ಕೀಬೋರ್ಡಿನ ಮೇಲೆ ಅರಿಶಿನ, ಕುಂಕುಮ. ಆ ಕುಂಕುಮವನ್ನು ಕೀಲಿಗಳ ಸಂದಿಯಿಂದ ತೆಗೆಯುವವಳು ನಾನೇ ತಾನೇ ಎಂದು ಮನಸ್ಸಿನಲ್ಲೇ ಎಲ್ಲರನ್ನೂ ಬೈದುಕೊಂಡೆ. ಮ್ಯಾನೇಜರ ಕಂಪ್ಯೂಟರಿಗೆ ಎಲ್ಲಕ್ಕಿಂತ ದಪ್ಪ ಚೆಂಡುಹೂವಿನ ಮಾಲೆ. ರೇಣುಕಾ ಒಂದು ಮೂಲೆಯಲ್ಲಿ ನಿಂತಿದ್ದಳು. ಇದು ತನ್ನ ಕೊನೆಯ ದಿನ ಎಂದುಕೊಂಡೇ ಬಂದಿದ್ದಳೆಂದು ಕಾಣುತ್ತದೆ, ಹೊಸ ಸೀರೆ ಉಟ್ಟಿದ್ದಳು.

ಫಳಾರ ಬಾಯಿಗೆ ಹಾಕಿಕೊಳ್ಳುವಾಗ ಥಟ್ಟನೆ ಹೊಳೆಯಿತು. ಅಲ್ಲ, ಇವತ್ತು ಯಾರೂ ಏನನ್ನೂ ಮುಟ್ಟುವ ಹಾಗಿಲ್ಲ. ಎಲ್ಲ ಕಂಪ್ಯೂಟರೂ ಚಾಲೂ ಇವೆ, ಕೆಲಸ ಮಾತ್ರ ಇಲ್ಲ. ಸಂತೆ ಪೂರ್ತಿ ಖಾಲಿಯಾಗಿದೆ. ಇವತ್ತು ಯಾವುದು ಮಾತಾಡುತ್ತದೋ ಅದೇ ಕಳ್ಳಯಂತ್ರ!

ಪೆಟ್ಟಿಗೆಯಿಂದ ಜೋತುಬಿದ್ದಿದ್ದ ವೈರಿನ ತುದಿಗೆ ಕೈ ಹಾಕಿದೆನೋ ಇಲ್ಲವೋ, ವಿರುಪಾಕ್ಷಪ್ಪನವರು ಓಡಿ ಬಂದರು. "ಶಾರದಮ್ಮ! ಪೂಜಿಗೆ ಕುಂತದ್ದು ಮುಟ್ಟಬಾರ್ದು. ನಿಮಗ ಗೊತ್ತಿಲ್ಲೇನು?"

"ಪೆಟ್ಟಿಗಿ ಮುಟ್ಟೂದಿಲ್ರಿ ಸರ. ನನ್ನ ಲ್ಯಾಪ್‌ಟಾಪಿಗಿನ್ನೂ ಪೂಜಿ ಆಗಿಲ್ಲ, ಬಸ್ ತಡಾ ಆತು. ಅದನ್ನಷ್ಟ ಮುಟ್ಟತೀನಿ."

ಅವರು ನನ್ನ ಲ್ಯಾಪ್‌ಟಾಪನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕುಂಕುಮದ ಬೊಟ್ಟು ಎಲ್ಲೂ ಇರಲಿಲ್ಲ. "ಹಂಗಾರ ನಡೀತೈತಿ" ಎಂದು ಒಪ್ಪಿದರು. ಇಡೀ ಕಚೇರಿಯಲ್ಲಿ ಅವತ್ತು ಮುಟ್ಟಬಹುದಾಗಿದ್ದ ಸಾಮಾನು ಅದೊಂದೇ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಡತೊಡಗಿದೆ. ಲೆಕ್ಕ ಬರೆಯುವ ಕಂಪ್ಯೂಟರು ಸುಮ್ಮನಿತ್ತು. ಗೋದಾಮಿನದೂ ಸುಮ್ಮನಿತ್ತು. ರೇಣುಕಾಳದು ಮಾತ್ರ ಆಗಾಗ ಯಾರೋ ರೈತ ಕೇಳಿದ ನೀರಿನ ಪಾಳಿಯನ್ನು ತೆಗೆದು ಕೊಡುತ್ತಿತ್ತು, ಅದು ಅದರ ಕೆಲಸ. ಸ್ವಲ್ಪ ಹೊತ್ತಾಯಿತು. ಒಮ್ಮೆಲೇ ಅದು ಯಾರೂ ಕೇಳದೆ ತಾನೇ ಎದ್ದು ಹೊರಗಿನ ಯಾವುದೋ ಗುರುತಿಲ್ಲದ ವಿಳಾಸವನ್ನು ಕರೆಯಿತು.  ವಿರುಪಾಕ್ಷಪ್ಪನವರು ಹಿಂದೆಯೇ ನಿಂತಿದ್ದರು.

"ನೋಡ್ರಿ, ಆಕಿ ಕಂಪ್ಯೂಟರ! ನಾ ಹೇಳಿದ್ದು ಸುಳ್ಳೇನು?"

"ಆಕಿ ಎಲ್ಲದಾಳ ನೋಡ್ರಿ ಸರ."

ರೇಣುಕಾ ಆ ಮೂಲೆಯಲ್ಲಿ, ಕೈಯಲ್ಲಿ ಫಳಾರದ ತಟ್ಟೆ ಹಿಡಿದು, ಎಲ್ಲರ ಕಣ್ಣೆದುರಿಗೇ ನಿಂತಿದ್ದಳು. ಅವಳ ಕೀಬೋರ್ಡಿನ ಮೇಲಿನ ಹೂವು ಇಟ್ಟಲ್ಲೇ ಇತ್ತು. ವಿರುಪಾಕ್ಷಪ್ಪನವರು ಬಗ್ಗಿ ಆ ಹೂವನ್ನೇ ನೋಡಿದರು.

"ಹಂಗಾರ ಯಾರು ಮಾಡಾಕತ್ತಾರ?" ಎಂದು ಕೇಳಿದರು.

ನನಗೂ ಅದೇ ಬೇಕಿತ್ತು. ರೇಣುಕಾಳ ಕಂಪ್ಯೂಟರಿಗೆ ಎದ್ದೇಳು ಎಂದು ಹೇಳಿದವರು ಯಾರು ಎಂದು ನನ್ನ ಲ್ಯಾಪ್‌ಟಾಪಿನಲ್ಲಿ ದಾಖಲಾಗಿದ್ದನ್ನು ಹಿಂದಕ್ಕೆ ಹೋಗಿ ಹುಡುಕಿದೆ. ಅದಕ್ಕೆ ಸ್ವಲ್ಪ ಮುಂಚೆ ಕಚೇರಿಯ ಒಳಗಿನಿಂದಲೇ ಇನ್ನೊಂದು ಕಂಪ್ಯೂಟರು ಅದರೊಳಗೆ ಏನನ್ನೋ ಇಟ್ಟುಹೋಗಿತ್ತು. ಆ ಇನ್ನೊಂದು ಯಾವುದೆಂದು ಗೊತ್ತಾದಾಗ ಕೈ ಮಾಡಿ ತೋರಿಸಿದೆ. ದಪ್ಪ ಚೆಂಡುಹೂವಿನ ಮಾಲೆ ಹಾಕಿಕೊಂಡು ಕೂತಿದ್ದ ಕಂಪ್ಯೂಟರು.

"ನಂದಾ?" ಎಂದರು ವಿರುಪಾಕ್ಷಪ್ಪನವರು. "ನಾ ಮುಂಜಾನಿಯಿಂದ ಆರತಿ ತಟ್ಟಿ ಹಿಡಕೊಂಡು ನಿಂತೀನ್ರಿ! ನಾ ಅದನ್ನ ಮುಟ್ಟೇ ಇಲ್ಲ, ದೇವ್ರಾಣಿ!"

 ಯಾರ ಕಂಪ್ಯೂಟರಿನಲ್ಲಿ ಸಿಗುತ್ತದೋ ಅವರದೇ ಕೆಲಸ ಎಂದು ಸಭೆಯಲ್ಲಿ ಹೇಳಿದ್ದು ಅವರಿಗೇ ನೆನಪಾಯಿತೇನೋ, ಮುಖ ಬಿಳಿಚಿಕೊಂಡಿತು. ಹುಸೇನಪ್ಪ ಒಂದು ಕುರ್ಚಿ ತಂದು ಹಾಕಿದ. ಅದರಲ್ಲಿ ಕುಸಿದು ಕೂತರು.

ಬೇಸಿಗೆಯಲ್ಲಿ ಅವರ ಪ್ರಿಂಟರ್ ಕೆಟ್ಟಾಗ ನನಗೆ ಕಾಯದೆ ಯಾರೋ ರಿಪೇರಿಯವನನ್ನು ಕರೆಸಿದ್ದರಂತೆ. ಅವನು ದೂರದಿಂದಲೇ ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರ್ ಒಂದನ್ನು ಹಾಕಿ, ತೆಗೆಯದೆ ಹೋಗಿದ್ದ. ಪಾಸ್‌ವರ್ಡ್ ಏನಿಟ್ಟಿದ್ದಿರಿ ಎಂದರೆ ಮನೆದೇವರ ಹೆಸರಂತೆ. "ದೇವರ ಹೆಸರಿದ್ರ ಕಳ್ಳ ಅಂಜತಾನ ಅನ್ಕೊಂಡಿದ್ದೆ" ಎಂದರು. ನನಗೆ ನಗಬೇಕೋ ಹಣೆ ಹಣೆ ಬಡಿದುಕೊಳ್ಳಬೇಕೋ ತಿಳಿಯಲಿಲ್ಲ. ಎಲ್ಲಿಯವನೋ ಆ ಹೆಸರನ್ನು ಊಹಿಸಿ ಒಳಗೆ ಹೊಕ್ಕಿದ್ದ. ನೀರಿನ ಪಾಳಿ ಕಳಿಸಲೆಂದು ಮ್ಯಾನೇಜರ ಕಂಪ್ಯೂಟರಿನಿಂದ ರೇಣುಕಾಳದಕ್ಕೆ ದಾರಿ ಮೊದಲೇ ಇತ್ತು. ಅದೇ ದಾರಿಯಲ್ಲಿ ಅವನೂ ಓಡಾಡಿಕೊಂಡಿದ್ದ. ನಾನು ಎಷ್ಟು ಸಲ ರೇಣುಕಾಳ ಕಂಪ್ಯೂಟರು ಒರೆಸಿದರೂ ಪಕ್ಕದ ಕೋಣೆಯಿಂದ ಆ ಪುಟವನ್ನು ಮತ್ತೆ ತಂದಿಡುತ್ತಿದ್ದ.

ಕೂತಿದ್ದ ವಿರುಪಾಕ್ಷಪ್ಪನವರು ಎದ್ದರು. ತಮ್ಮ ಮೇಜಿನ ಹತ್ತಿರ ಹೋಗಿ ಕೈ ಮುಗಿದು, ಮಾಲೆ ತೆಗೆದು ಬದಿಗಿಟ್ಟು, ಕಂಪ್ಯೂಟರಿನ ವೈರನ್ನು ತಾವೇ ಕಿತ್ತರು. ಪೂಜೆಗೆ ಕೂತ ಪೆನ್ನನ್ನೂ ಮುಟ್ಟಗೊಡದ ಮನುಷ್ಯ. ನಮ್ಮಲ್ಲಿ ಯಾರೂ ಅದನ್ನು ನಿರೀಕ್ಷಿಸಿರಲಿಲ್ಲ. ಆದರೆ ರೇಣುಕಾಳಿಗೆ ಒಂದು ಮಾತೂ ಹೇಳಲಿಲ್ಲ. ಅವಳೂ ಫಳಾರದ ತಟ್ಟೆ ಮೇಜಿನ ಮೇಲಿಟ್ಟು, ಚೀಲ ತೆಗೆದುಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದಳು. ನನಗೆ ಗೆದ್ದ ಸಂತೋಷವೇ ಆಗಲಿಲ್ಲ.

ಮರುದಿನ ದಶಮಿ. ಮಧ್ಯಾಹ್ನ ವಿರುಪಾಕ್ಷಪ್ಪನವರ ಫೋನು ಬಂತು. "ನವಲಿಗೆ ಹೋಗೂದೈತಿ, ನೀವೂ ಬರ್ರಿ. ನನಗ ಒಬ್ಬನ ಹೋಗಾಕ ಧೈರ್ಯ ಸಾಲವಲ್ದು" ಎಂದರು. ಸಂಘದ ಜೀಪಿನಲ್ಲಿ ಹೋದೆವು. ರಸ್ತೆಯ ಎರಡೂ ಕಡೆ ಗದ್ದೆಗಳು ಗಾಢ ಹಸಿರಾಗಿದ್ದವು, ಕಾಲುವೆ ತುಂಬಿ ಹರಿಯುತ್ತಿತ್ತು. ದಾರಿಯುದ್ದಕ್ಕೂ ಅವರು ತೊಡೆಯ ಮೇಲೆ ಒಂದು ವಸ್ತ್ರದಲ್ಲಿ ಬನ್ನಿ ಎಲೆ ಕಟ್ಟಿಕೊಂಡು ಕೂತಿದ್ದರು. ನಮ್ಮ ಕಡೆ ದಶಮಿಯ ಸಂಜೆ ಬನ್ನಿ ಕೊಟ್ಟು ತಗೊಂಡು ಹಳೆಯ ಮನಸ್ತಾಪ ಮರೆಯುತ್ತಾರೆ. ಕಿರಿಯರು ಹಿರಿಯರಿದ್ದಲ್ಲಿಗೆ ಹೋಗುವುದು ವಾಡಿಕೆ. ಇಲ್ಲಿ ಹಿರಿಯರೇ ಹೊರಟಿದ್ದರು.

ರೇಣುಕಾಳ ಮನೆಯಲ್ಲಿ ಹನುಮಂತಪ್ಪ ಗಡಿಬಿಡಿಯಿಂದ ಚಾಪೆ ಹಾಸಿದರು. ವಿರುಪಾಕ್ಷಪ್ಪನವರು ಕೂರಲಿಲ್ಲ. ಬನ್ನಿ ತೆಗೆದು ರೇಣುಕಾಳ ಮುಂದೆ ಹಿಡಿದು, "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು ತಂಗಿ. ನಂದು ತಪ್ಪಾತು" ಎಂದರು. 

ರೇಣುಕಾ ಕೈ ಚಾಚಲಿಲ್ಲ. "ಮನ್ಯಾಗ ಬ್ಯಾಡ್ರಿ ಸರ. ನೀವು ಅಂದಿದ್ದು ನಾಕು ಮಂದ್ಯಾಗ. ಇದನ್ನೂ ನಾಕು ಮಂದ್ಯಾಗ ಅನ್ರಿ" ಎಂದಳು.

ನನಗೆ ಒಳಗೊಳಗೇ ಶಭಾಷ್ ಅನ್ನಿಸಿತು. ಹನುಮಂತಪ್ಪನವರು ಮಗಳನ್ನು ಗದರಿಸಲು ಬಾಯಿ ತೆರೆದರು. ಅಷ್ಟರಲ್ಲಿ ವಿರುಪಾಕ್ಷಪ್ಪನವರು, "ಆಕಿ ಅನ್ನೂದು ನ್ಯಾಯ ಐತಿ. ನಡೀರಿ" ಎಂದು ಹೊಸಿಲು ದಾಟಿದ್ದರು.

ಹನುಮಪ್ಪನ ಗುಡಿಯ ಕಟ್ಟೆಯ ಹತ್ತಿರ ಊರೇ ನೆರೆದಿತ್ತು. ಜನ ಒಬ್ಬರಿಗೊಬ್ಬರು ಬನ್ನಿ ಕೊಟ್ಟು, ಕಾಲು ಮುಟ್ಟಿ, ನಗುತ್ತಿದ್ದರು. ಜೀಪಿನ ಸಾಹೇಬರನ್ನು ಕಂಡು ಒಬ್ಬೊಬ್ಬರೇ ಇತ್ತ ತಿರುಗಿದರು. ವಿರುಪಾಕ್ಷಪ್ಪನವರು ಚಪ್ಪಲಿ ಬಿಟ್ಟು ನಿಂತು, ಆವರೆಗೆ ನಾನು ಕೇಳಿರದಷ್ಟು ಗಟ್ಟಿ ದನಿಯಲ್ಲಿ ಹೇಳಿದರು.

"ಈ ಹುಡುಗಿ ಮ್ಯಾಲ ನಾ ಕಳವು ಹೊರಿಸಿದ್ದೆ. ಅದು ಸುಳ್ಳು. ಕಳ್ಳ ನನ್ನ ಕಂಪ್ಯೂಟರಿನ್ಯಾಗ ಹೊಕ್ಕು ಕುಂತಿದ್ದ, ನನಗ ಗೊತ್ತಾಗಲಿಲ್ಲ. ಈಕಿದು ಏನೂ ತಪ್ಪಿಲ್ರಿ."

ಒಬ್ಬ ಮುದುಕ, "ಮತ್ತ ಕಳ್ಳ ಸಿಕ್ಕನೇನ್ರಿ?" ಎಂದು ಕೇಳಿದ.

"ಇಲ್ರಿ. ಅಂವ ಯಾವ ಊರಾಂವೋ, ಯಾವ ದೇಶದಾಂವೋ, ಸಿಗೂದಿಲ್ಲ. ಆದ್ರ ಈಕಿ ಅಲ್ಲ."

ಆಗ ರೇಣುಕಾ ಅವರ ಕೈಯಿಂದ ಬನ್ನಿ ತೆಗೆದುಕೊಂಡಳು, ಬಗ್ಗಿ ಕಾಲು ಮುಟ್ಟಿದಳು. "ಸ್ವಾಮಾರ ಬರ್ತೀನ್ರಿ" ಎಂದಳು. ಸೋಮವಾರದಿಂದ ಕೆಲಸಕ್ಕೆ ಬರುತ್ತೇನೆ ಎಂದು. ಜನ ಮತ್ತೆ ಮಾತಿಗೆ ಶುರುವಿಟ್ಟರು. ಯಾರೋ ನನ್ನ ಕೈಗೂ ಬನ್ನಿ ತುರುಕಿದರು. ನನ್ನ ಕಣ್ಣು ಮಂಜಾಗಿತ್ತು, ಯಾರೆಂದು ಕಾಣಲಿಲ್ಲ.

ಹನುಮಂತಪ್ಪನವರು ಮಾತ್ರ ಕಟ್ಟೆಯ ಬದಿಯಲ್ಲಿ ಹಾಗೇ ನಿಂತಿದ್ದರು. ಕೆಸರಿನಲ್ಲಿ ದುಡಿದು ಬಿರುಕು ಬಿಟ್ಟ ಕೈಯಲ್ಲಿ ನಾಲ್ಕು ಎಲೆ ಹಿಡಿದು ಮಗಳ ಹತ್ತಿರ ಬಂದರು. ಅವಳು ಬಗ್ಗುವ ಮೊದಲೇ ಎಲೆಗಳನ್ನು ಅವಳ ಮುಂದೆ ಹಿಡಿದರು.

"ಆವತ್ತು ಉಣ್ಣಾಕ ಕುಂತಾಗ ಒಂದು ಮಾತು ಕೇಳಿದ್ನಲ್ಲವ್ವಾ, ಅದನ್ನ ಮರ್ತಬಿಡು" ಎಂದರು.

ರೇಣುಕಾ ಅಪ್ಪನ ಮುಖ ನೋಡಿದಳು. ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದಿದ್ದವಳು ಈಗ ಅಳುತ್ತಿದ್ದಳು.

"ಮರಿಯಾಕ ಆಗೂದಿಲ್ಲಪ್ಪಾ" ಎಂದಳು. "ಆದ್ರ ಬನ್ನಿ ಕೊಡು." ಎರಡೂ ಕೈ ಚಾಚಿದಳು.